ಮರಳಿ ಬರುವ ಬಟ್ಟಲುಗಳು

ಬಟ್ಟಲನ್ನು ಮೂಗಿಗೆ ಹಿಡಿದು ಮೂಸುವುದು ಸಭ್ಯರ ಲಕ್ಷಣವಲ್ಲವೆಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಏನು ಮಾಡಲಿ, ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತ, ನಿದ್ದೆ ನಟಿಸುವವರನ್ನೂ ನಿಜವಾಗಿ ನಿದ್ದೆ ಹೋದವರನ್ನೂ ನಿಷ್ಪಕ್ಷಪಾತವಾಗಿ ಸಂಶಯಿಸಿದವನು ನಾನು. ನಿವೃತ್ತಿಯಾದದ್ದು ನನಗೆ, ನನ್ನ ಸಂಶಯಕ್ಕಲ್ಲ. ಈಗ ಅದಕ್ಕೆ ಕೆಲಸ ಕೊಟ್ಟಿರುವುದು ನಾನೇ ಕಡೆದ ಮರದ ಬಟ್ಟಲುಗಳು.

ಪಾಂಡವಪುರದ ನಮ್ಮ ಮನೆಯ ಹಿಂದೆ, ಹಸುಗಳಿಲ್ಲದ ಕೊಟ್ಟಿಗೆಯಲ್ಲಿ ಸಣ್ಣದೊಂದು ಲೇತ್ ಇಟ್ಟುಕೊಂಡಿದ್ದೇನೆ. ಮಾವಿನ ಮರದ ತುಂಡನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿ, ಉಳಿ ಹಿಡಿದು ಒಳಗೂ ಹೊರಗೂ ಕಡೆದು, ಒರಟು ಪಾಲಿಷ್ ಪೇಪರಿನಿಂದ ನಯವಾದದ್ದಕ್ಕೆ ಬಂದು, ಕೊನೆಗೆ ಜೇನುಮೇಣ ಕರಗಿಸಿದ ಕೊಬ್ಬರಿ ಎಣ್ಣೆಯಿಂದ ಉಜ್ಜುವಾಗ, ಆ ಬಿಳಿಚಿದ ಮೈ ಮೆಲ್ಲನೆ ಹೊಂಬಣ್ಣಕ್ಕೆ ತಿರುಗುವುದನ್ನು ನೀವು ನೋಡಬೇಕು ಸ್ವಾಮಿ! ಆ ಹೊತ್ತಿನಲ್ಲಿ ಮಾತ್ರ ನನಗೆ ಯಾರ ಮೇಲೂ ಅನುಮಾನವಿರುವುದಿಲ್ಲ.

ಅನುಮಾನ ಶುರುವಾಗುವುದು ಬಟ್ಟಲು ಹೊಸ್ತಿಲು ದಾಟಿದ ಮೇಲೆ. ಬರಿದಾಗಿ ಕೊಡಬಾರದೆಂದು ಹೆಂಡತಿ ಪ್ರತಿಯೊಂದಕ್ಕೂ ನಾಲ್ಕು ರವೆಉಂಡೆ ಹಾಕಿ ಕೊಡುತ್ತಾಳೆ. ನಾಗಮಂಗಲದ ಬೀಗರಿಗೆ ಕೊಟ್ಟದ್ದು ಹದಿನೈದೇ ದಿನಕ್ಕೆ ಹುರುಳಿಕಾಳು ತುಂಬಿಕೊಂಡು ವಾಪಸ್ಸು ಬಂತು. ಎದುರುಮನೆಯವರಿಗೆ ಕೊಟ್ಟದ್ದು ನಿಂಬೆಹಣ್ಣುಗಳೊಡನೆ ಬಂತು. ಎಣ್ಣೆ ಕಮಟು ಹಿಡಿಯಿತೇ? ಬೇಡವೆನ್ನಲಾಗದೆ ಮರ್ಯಾದೆಯಿಂದ ಸಾಗಹಾಕಿದರೇ? ಬೀಗರು ಬೇರೆಲ್ಲ ಬಿಟ್ಟು ಕುದುರೆಗೆ ಹಾಕುವ ಕಾಳನ್ನೇ ಏಕೆ ಆರಿಸಿದರು?

ಅವರೆಲ್ಲ ಹಾಳಾಗಲಿ, ಅಕ್ಕಿಹೆಬ್ಬಾಳಿನ ನನ್ನ ಅಕ್ಕನಿಗೆ ಕೊಟ್ಟ ಬಟ್ಟಲೊಂದು ಮಾತ್ರ ಮರಳಿರಲಿಲ್ಲ. ತಾಯಿಯಿಲ್ಲದ ನನಗೆ ತುತ್ತಿಟ್ಟು ಬೆಳೆಸಿದವಳು ಅವಳು. ಅವಳು ನನ್ನ ಬಟ್ಟಲಲ್ಲಿ ಉಂಡರೆ ಈ ಕಸುಬು ಸಾರ್ಥಕ, ಇಲ್ಲವಾದರೆ ಲೇತನ್ನು ಗುಜರಿಗೆ ಹಾಕುವುದೇ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮೂರು ತಿಂಗಳ ಮೇಲೆ ಪರಿಚಯದ ಕಂಡಕ್ಟರೊಬ್ಬರು ಅಕ್ಕ ಕಳಿಸಿದ ಚೀಲ ತಂದುಕೊಟ್ಟರು. ಒಳಗೆ ಅದೇ ಬಟ್ಟಲು, ಅದರ ತುಂಬ ಬೆಲ್ಲ. ಬೆಲ್ಲ ತೆಗೆದರೆ ತಳದಲ್ಲಿ ಅರಿಶಿನದ ದೊಡ್ಡ ಕಲೆ. ಕೆಡಿಸಿ ಕಳಿಸಿದ್ದಾಳೆಂದು ಸಿಟ್ಟು ನೆತ್ತಿಗೇರಿತು, ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ಕಲೆ ಉಜ್ಜಲು ಪಾಲಿಷ್ ಪೇಪರ್ ಎತ್ತಿಕೊಂಡವನು, ಸಾಕ್ಷ್ಯ ನಾಶ ಮಾಡಬಾರದೆಂಬ ಹಳೆಯ ಅಭ್ಯಾಸದಿಂದ ಕೆಳಗಿಟ್ಟೆ.

ಮರುದಿನ ಬೆಳಿಗ್ಗೆ ಸಾಕ್ಷ್ಯದ ಸಮೇತ ಹೊರಟೆ. ಖಾಲಿ ಪಾತ್ರೆ ಹೊತ್ತು ಹೋಗುತ್ತಾರೆಯೇ ಎಂದು ಗದರಿ ಹೆಂಡತಿ ಅದರೊಳಗೆ ಚಕ್ಕುಲಿ ತುಂಬಿದಳು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಅಕ್ಕನ ಮನೆ ಸೇರಿ, ನೀರು ಕುಡಿಯುವ ಮೊದಲೇ ವಿಚಾರಣೆ ಆರಂಭಿಸಿದೆ. ಅವಳಿಗೆ ಆಶ್ಚರ್ಯ.

"ಮೂರ್ ತಿಂಗ್ಳು ಅದ್ರಲ್ಲೇ ಉಂಡೆ ಕಣ್ಲಾ. ಕಳ್ಸಕ್ಕೆ ಮನ್ಸೇ ಬರ್ನಿಲ್ಲ. ಆದ್ರೆ ರವೆಉಂಡೆ ಹಾಕ್ ಕಳ್ಸಿದ್ ಪಾತ್ರೆಯ ಇಟ್ಕಂಡ್ಬುಟ್ರೆ ಊರೋರು ಏನಂದಾರು?"

ನನ್ನ ಮೂವತ್ತು ವರ್ಷದ ಅನುಭವ ಅಲ್ಲೇ ತಲೆ ತಗ್ಗಿಸಿತು. ತಿಂಡಿ ತಿಂದವರು ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಏನಾದರೂ ಹಾಕಿ ಹಿಂದಿರುಗಿಸುವುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ನಾವು ಬಟ್ಟಲು ಕೊಟ್ಟೆವೆಂದುಕೊಂಡಿದ್ದೆವು, ಅವರೆಲ್ಲ ರವೆಉಂಡೆ ಬಂತೆಂದುಕೊಂಡಿದ್ದರು. ಬೀಗರ ಹುರುಳಿಕಾಳನ್ನು ಮನಸ್ಸಿನಲ್ಲೇ ನಿರ್ದೋಷಿಯೆಂದು ಬಿಡುಗಡೆ ಮಾಡಿದೆ.

ಇದು ನಿನಗೇ ಕೊಟ್ಟದ್ದೆಂದು ವಿವರಿಸಿದರೂ ಅಕ್ಕ ಒಪ್ಪಲಿಲ್ಲ. ಒಮ್ಮೆ ಹಿಂದಿರುಗಿಸಿದ್ದನ್ನು ಮತ್ತೆ ಇಸಿದುಕೊಳ್ಳುವುದು ಅವಳ ಮರ್ಯಾದೆಗೆ ಒಗ್ಗದು. ಕೊನೆಗೆ ನನಗೊಂದು ಕಾನೂನು ಹೊಳೆಯಿತು.

"ನೀನು ಬೆಲ್ಲ ಹಾಕ್ ಕಳ್ಸಿದ್ದೆಯಲ್ಲಕ್ಕ, ಬೆಲ್ಲ ನಮ್ಗಾಯ್ತು. ಪಾತ್ರೆ ನಿಂದು, ಚಕ್ಲಿ ಹಾಕಿ ವಾಪಸ್ ತಂದಿವ್ನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎರಡೂ ಕೈ ಚಾಚಿ ಇಸಿದುಕೊಂಡಳು.

ಮಧ್ಯಾಹ್ನ ಚಕ್ಕುಲಿ ಡಬ್ಬಿಗೆ ಸುರಿದು, ಬಟ್ಟಲನ್ನು ತೊಳೆದು, ಅನ್ನ ಬಡಿಸಿಕೊಳ್ಳುವ ಮೊದಲು ಅಕ್ಕ ಅದನ್ನು ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿದಳು. ಕಮಟೇ ಎಂದು ಕೇಳಿದೆ.

"ಇಲ್ಲ ಕಣ್ಲಾ," ಎಂದಳು, "ನನ್ ಸಾರಿನ ವಾಸ್ನೆಯ ಉಜ್ಜಿ ತೆಗ್ದ್‌ಬುಟ್ಟಿದ್ದೀಯೇನೋ ಅಂತ ನೋಡ್ದೆ."