ಗಂಡಸರ ದನಿಯಲ್ಲಿದ್ದ ಕೀರ್ತನೆ

ಕೊಟ್ಟೂರಿನ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ, ಸಂಜೆಯ ಬಸ್ಸಿಗೆ ಕೂಡ್ಲಿಗಿಗೆ ಮರಳುವ ಹೊತ್ತಿಗೆ ನನಗೆ ಯಾವ ಹಾಡೂ ಬೇಡವಾಗಿರುತ್ತಿತ್ತು. ಆ ವರ್ಷ ಗಂಟಲೂ ಕೈಕೊಟ್ಟಿತ್ತು. ಅಂಥ ಒಂದು ಸಂಜೆ, ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಒಂದು ಜೆರಾಕ್ಸ್ ಹಾಳೆ ಹಿಡಿದು ಬಂದಳು. ಊರಿನ ಚಿಕ್ಕ ಚರ್ಚಿನ ಗಾಯನ ತಂಡವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಹಾಳೆಯಲ್ಲಿದ್ದುದು ಹಳೆಯ ಇಂಗ್ಲಿಷ್ ಕೀರ್ತನೆಯೊಂದರ ಧಾಟಿ. ಐದು ಗೆರೆಗಳ ಸ್ವರಲಿಪಿ, ಕೆಳಗೆ ಯಾರೋ ಕೈಯಲ್ಲಿ ಬರೆದ ಕನ್ನಡದ ಸಾಲುಗಳು. ಸುತ್ತಲಿನ ತಾಲ್ಲೂಕುಗಳ ತಂಡಗಳೆಲ್ಲ ಹರಪನಹಳ್ಳಿಯಲ್ಲಿ ಸೇರಿ ಅದನ್ನು ಹಾಡಬೇಕಿತ್ತು. ಆದರೆ ಒಂದೊಂದು ಊರಿನವರದು ಒಂದೊಂದು ರೀತಿ. ಎಲ್ಲರೂ ಹಾಡಬಹುದಾದ ಹಾಗೆ ತಿದ್ದಿಕೊಡಿ ಎಂದಳು. ಆ ಲಿಪಿ ಓದುವವರು ಅವಳಿಗೆ ಬೇರೆ ಯಾರೂ ಗೊತ್ತಿರಲಿಲ್ಲ. ನಾನು ಹಿಂದೆ ಪರೀಕ್ಷೆಗೆಂದು ಕಲಿತಿದ್ದೆ.

ನಾನು ಚರ್ಚಿನವಳಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನ್ನ ತಾಯಿ ಹಾಸಿಗೆ ಹಿಡಿದಾಗ ಡ್ಯೂಟಿ ಮುಗಿಸಿ ಬಂದು ದಿನವೂ ಹುಣ್ಣು ತೊಳೆದು ಪಟ್ಟಿ ಕಟ್ಟಿದವಳು ಅವಳು. ಹಾಳೆ ಇಸಿದುಕೊಂಡೆ.

ಎಲ್ಲ ಊರುಗಳಿಂದಲೂ ಫೋನಿನಲ್ಲಿ ಹಾಡು ತರಿಸಿದೆವು. ಹಗರಿಬೊಮ್ಮನಹಳ್ಳಿಯವರು ಕೀಬೋರ್ಡಿನ ತಾಳ ಹಾಕಿಕೊಂಡು ಓಡುತ್ತಿದ್ದರು. ಹಡಗಲಿಯವರು ಮೂರನೆಯ ಸಾಲಿನ ಕೊನೆಯನ್ನು ಭಜನೆಯ ಹಾಗೆ ಎಳೆದೆಳೆದು ಬಿಡುತ್ತಿದ್ದರು. ‘ಕರುಣೆ’ ಎಂಬ ಪದದ ಮೊದಲಕ್ಷರ ಉದ್ದ ಸ್ವರದ ಮೇಲೆ ಬಿದ್ದು ಎಲ್ಲರ ಬಾಯಲ್ಲೂ ‘ಕಾರುಣೆ’ ಆಗಿತ್ತು. ಆ ಸ್ವರವನ್ನು ಎರಡಾಗಿ ಒಡೆದೆ. ಹೀಗೆ ಒಂದೊಂದೇ ಸರಿಮಾಡುತ್ತ ಹೋದಾಗ ದೊಡ್ಡ ತೊಡಕು ಕಾಣಿಸಿತು. ಹಿಂದಿನ ಕಾಲದ ಪದ್ಧತಿಯಂತೆ ಹಾಡಿನ ಮುಖ್ಯ ಧಾಟಿ ಇದ್ದುದು ಗಂಡಸರ ದನಿಯಲ್ಲಿ. ಹೆಂಗಸರದು ಅದರ ಮೇಲೆ ಸುತ್ತುವ ಪಕ್ಕದ ದನಿ. ಈಗಿನ ತಂಡಗಳಲ್ಲಿ ಗಂಡಸರೇ ಇಲ್ಲ. ಕೂಡ್ಲಿಗಿಯಲ್ಲಿ ಇದ್ದವರು ಒಬ್ಬರು, ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ಹಿರಿಯರು. ತಂದೆಯಿಂದ ಕಲಿತ ಆ ಧಾಟಿಯನ್ನು ಅವರೇ ಹೊತ್ತು ನಡೆಸುತ್ತಿದ್ದರು.

ಧಾಟಿಯನ್ನು ಹೆಂಗಸರಿಗೆ ಕೊಟ್ಟು, ಶ್ರುತಿ ಇಳಿಸಬೇಕು ಎಂದೆ. ನರ್ಸ್ ಹಾಳೆಯನ್ನು ನನ್ನ ಕಡೆಗೇ ಸರಿಸಿದಳು.

“ಅದನ್ನ ಅವರಿಗೆ ನೀವ ಹೇಳ್ರಿ ಟೀಚರ್ರ. ನನ್ನ ಕೈಲೆ ಆಗಂಗಿಲ್ಲ.”

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಿರಿಯರ ಪಕ್ಕದ ಬೆಂಚಿನಲ್ಲಿ ಕೂತು ಹೇಳಿದೆ. ನರ್ಸ್ ಹಿಂದೆಯೇ ನಿಂತಿದ್ದಳು. ಅವರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಚಿದರು, ಬಿಚ್ಚಿ ಮತ್ತೆ ಮಡಚಿದರು.

“ಹಂಗಾದ್ರ ನಾ ಏನ್ ಹಾಡ್ಲಿ?”

ಅವರಿಗಾಗಿ ಬರೆದಿದ್ದ ಕೆಳದನಿಯನ್ನು ಮೆಲ್ಲಗೆ ಗುನುಗಿ ತೋರಿಸಿದೆ. ಹೆಚ್ಚು ಏರಿಳಿತವಿಲ್ಲದ, ನಾಲ್ಕೈದು ಸ್ವರಗಳೊಳಗಿನ ದನಿ. ಅವರು ನೆಲ ನೋಡುತ್ತ ಕೇಳಿಸಿಕೊಂಡರು.

“ಮ್ಯಾಲಿನ ಸ್ವರ ಈಗ ನನಗ ಸಿಗಂಗಿಲ್ರಿ,” ಎಂದರು. “ಅಲ್ಲಿ ಬಂದಾಗ ಸುಮ್ನ ಬಾಯಿ ಆಡಸ್ತೀನಿ. ಈಕಿಗೆ ಗೊತ್ತೈತಿ.”

ನರ್ಸ್ ತಲೆ ತಗ್ಗಿಸಿದಳು. ಆ ಜಾಗ ಬಂದಾಗಲೆಲ್ಲ ಅವಳೇ ದನಿ ಎತ್ತಿ ಮುಚ್ಚಿಹಾಕುತ್ತಿದ್ದಳಂತೆ. ನನ್ನ ಗಂಟಲಿನ ಪಾಡನ್ನೂ ಹೇಳಿದೆ, ಮಕ್ಕಳಿಗೆ ಮೇಲಿನ ಷಡ್ಜವನ್ನು ಹಾರ್ಮೋನಿಯಂನಲ್ಲಿ ಒತ್ತಿ ತೋರಿಸುತ್ತೇನೆಯೇ ಹೊರತು ಹಾಡಿ ತೋರಿಸಲಾರೆ ಎಂದು. ಅವರು ಗಂಟಲಿಗೆ ಏನೇನು ಕುಡಿಯುತ್ತೀರಿ ಎಂದು ವಿಚಾರಿಸಿದರು.

ಆಮೇಲೆ ಸಂಜೆಗಳಲ್ಲಿ ಅವರು ನಮ್ಮ ಮನೆಗೆ ಬಂದು ಕಲಿತರು. ಎರಡನೆಯ ಸಾಲಿಗೆ ಬಂದೊಡನೆ ಅವರ ದನಿ ತಾನಾಗಿ ಹಳೆಯ ಧಾಟಿಗೆ ಜಾರುತ್ತಿತ್ತು. ನಿಲ್ಲಿಸುತ್ತಿದ್ದೆವು, ಮತ್ತೆ ಮೊದಲಿನಿಂದ. ಕೆಲವು ಸಂಜೆ ಇಬ್ಬರಿಗೂ ಸಾಕಾಗಿ ಚಹಾ ಕುಡಿದು ಎದ್ದುಬಿಡುತ್ತಿದ್ದೆವು.

ಹರಪನಹಳ್ಳಿಯಲ್ಲಿ ಧಾಟಿ ಹೆಂಗಸರ ದನಿಯಲ್ಲಿ ಸರಾಗವಾಗಿ ಎದ್ದಿತು. ಹಡಗಲಿಯವರು ಮೂರನೆಯ ಸಾಲನ್ನು ಎಳೆದೇ ಎಳೆದರು, ಉಳಿದವರು ಕಾದರು. ಎರಡನೆಯ ಚರಣದ ನಡುವೆ ಹಿರಿಯರು ಹಾಡುವುದನ್ನು ನಿಲ್ಲಿಸಿದರು. ಮರೆತರೇನೋ ಎಂದುಕೊಂಡೆ. ಕೊನೆಯ ಚರಣಕ್ಕೆ ಅವರು ತಪ್ಪದೆ ತಮ್ಮ ಕೆಳದನಿ ಹಿಡಿದು ಸೇರಿಕೊಂಡರು.

ಮರಳುವಾಗ ಬಸ್ಸಿನಲ್ಲಿ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

“ಸಣ್ಣಾಂವ ಇದ್ದಾಗಿಂದ ಹಾಡೀನಿ. ನಾ ಸುಮ್ನಿದ್ದು, ಬ್ಯಾರೆಯವರು ಹಾಡಿದ್ದು ಇವತ್ತ ಕೇಳಿದ್ನಿ ನೋಡ್ರಿ,” ಎಂದರು. ಹೇಗಿತ್ತು ಎಂದೆ. ಸ್ವಲ್ಪ ಯೋಚಿಸಿ, ಹೆಂಗಸರು ಎರಡನೇ ಸಾಲಿನಲ್ಲಿ ಉಸಿರು ತಗೊಳ್ಳದೆ ಅವಸರ ಮಾಡುತ್ತಾರೆ, ಮುಂದಿನ ವಾರ ಅವರಿಗೆ ಹೇಳುತ್ತೇನೆ ಎಂದರು.

ಅವರ ಮಾತು ಸರಿಯಾಗಿತ್ತು. ಪರ್ಸಿನಿಂದ ಪೆನ್ಸಿಲ್ ತೆಗೆದು ಆ ಸಾಲಿನ ನಡುವೆ ಉಸಿರಿನ ಗುರುತು ಹಾಕಿದೆ. ಬಸ್ಸು ಕುಲುಕಿ ಗೀರು ಓರೆಯಾಯಿತು. ಅಳಿಸಿ ಬರೆಯುವಷ್ಟು ತ್ರಾಣ ಇರಲಿಲ್ಲ. ಕೊಟ್ಟೂರು ಬರುವಷ್ಟರಲ್ಲಿ ನರ್ಸಿನ ಹೆಗಲಿಗೆ ಒರಗಿ ನಿದ್ದೆಹೋಗಿದ್ದೆ.