ಮಲ್ಲಪ್ಪ ಕಾಕಾ ಕೇಳಿದ್ದರು

ನಾನು ಸುಳ್ಳು ಹೇಳಿದೆ. ಮಲ್ಲಪ್ಪ ಕಾಕಾ ನನ್ನನ್ನು ಕೇಳಿದ್ದರು. ಕೇಳಲೇ ಇಲ್ಲ ಎಂದು ನಾಲ್ಕು ಜನರ ಎದುರಿಗೆ, ಅವರ ಮುಖ ನೋಡಿಕೊಂಡೇ ಹೇಳಿದೆ. ಅದಾಗಿ ಒಂಬತ್ತು ವರ್ಷ. ಅದಕ್ಕೂ ಮೊದಲು ನನ್ನಿಂದ ಒಂದು ತಪ್ಪಾಗಿತ್ತು, ಆ ತಪ್ಪಿನಿಂದ ಒಬ್ಬ ಮನುಷ್ಯನ ಕಾಲು ಹೋಗಿತ್ತು. ತಪ್ಪು ಯಾರಿಂದಲೂ ಆಗುತ್ತದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಸುಳ್ಳು — ಅದು ಕೈತಪ್ಪಿ ಬಂದದ್ದಲ್ಲ.

ನಾಗಪುರದ ಹೊರವಲಯದ ವಾಡಿಯಲ್ಲಿ, ಗೋದಾಮುಗಳ ಸಾಲಿನ ಹಿಂದೆ ಇರುವ ಒಂದು ವರ್ಕ್‌ಶಾಪಿನಲ್ಲಿ ನನ್ನ ಕೆಲಸವಿತ್ತು. ಲಾರಿಯ ಚಾಸಿ, ಅಂದರೆ ಅಡಿಯ ಚೌಕಟ್ಟು, ಉದ್ದ ಮಾಡುವುದು, ಬಲಪಡಿಸುವುದು, ಹೆಚ್ಚಿನ ಭಾರಕ್ಕೆ ಹೊಸ ಬ್ರಾಕೆಟ್ ಕೂಡಿಸುವುದು ಅಲ್ಲಿ ನಡೆಯುತ್ತದೆ. ಬೇಕಾದ ಭಾಗವನ್ನು ನಾನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದೆ; ನಾನು ಎಳೆದ ಗೆರೆಯ ಮೇಲೆಯೇ ಪ್ಲಾಸ್ಮಾ ಯಂತ್ರದ ನೀಲಿ ಉರಿ ಓಡಿ ದಪ್ಪ ಉಕ್ಕಿನ ತಗಡನ್ನು ಕತ್ತರಿಸುತ್ತಿತ್ತು. ಅದು ನನ್ನ ಗೆರೆಯನ್ನು ಪ್ರಶ್ನಿಸುವುದಿಲ್ಲ. ಸರಿ ಬರೆದರೆ ಸರಿ ಕತ್ತರಿಸುತ್ತದೆ, ತಪ್ಪು ಬರೆದರೆ ಅಷ್ಟೇ ಚೊಕ್ಕವಾಗಿ ತಪ್ಪು ಕತ್ತರಿಸುತ್ತದೆ.

ಮಲ್ಲಪ್ಪ ಕಾಕಾ ಅಲ್ಲಿ ಹಿರಿಯ ವೆಲ್ಡರ್ ಆಗಿದ್ದರು. ಗದಗಿನ ಕಡೆಯವರು. ನನ್ನ ತಂದೆಯೂ ಅದೇ ಕಡೆಯಿಂದ ಸೇನೆಗೆ ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಫ್ಯಾಕ್ಟರಿಯ ಕೆಲಸಕ್ಕೆ ಬಂದವರು. ಇಡೀ ವರ್ಕ್‌ಶಾಪಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ನನಗೆ ಉಕ್ಕು ಎಂದರೆ ಪುಸ್ತಕದ ಚಿತ್ರ. ಕಾಕಾ ಚಹಾದ ಹೊತ್ತಿನಲ್ಲಿ ಮುರಿದು ಬಂದ ಭಾಗಗಳನ್ನು ನನ್ನ ಮುಂದಿಟ್ಟು ತೋರಿಸುತ್ತಿದ್ದರು. "ನೋಡ ತಂಗಿ, ಕಬ್ಬಿಣ ನಡುವ ಸಾಯಂಗಿಲ್ಲ, ಮೂಲ್ಯಾಗ ಸಾಯ್ತೈತಿ. ಒಳಮೂಲಿ ದುಂಡಗ ಇಡು. ಚೂಪ ಇಟ್ಟಿ ಅಂದ್ರ ಸೀಳು ಅಲ್ಲಿಂದನ ಸುರು." ನನಗೆ ಆ ಪಾಠ ಹೇಳಿಕೊಟ್ಟವರು ಅವರು.

ಮೌದಾದ ವಿದ್ಯುತ್ ಸ್ಥಾವರದ ಕಡೆಯಿಂದ ಬೂದಿ ಸಾಗಿಸುವ ಒಂದು ಲಾರಿ ಬಂದಿತ್ತು. ಅದರ ಹಿಂಭಾಗದ ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್‌ಗಳನ್ನು ಹೊಸದಾಗಿ ಮಾಡಬೇಕಿತ್ತು, ಎಡಕ್ಕೊಂದು ಬಲಕ್ಕೊಂದು. ಒಳಮೂಲೆಯ ದುಂಡಿನ ತ್ರಿಜ್ಯ ಇಪ್ಪತ್ತು ಮಿಲಿಮೀಟರ್ ಇರಬೇಕಿತ್ತು. ನಾನು ಎರಡು ಎಂದು ಒತ್ತಿದೆ. ಒಂದು ಸೊನ್ನೆ ಬಿಟ್ಟುಹೋಯಿತು, ಅಷ್ಟೇ. ಯಂತ್ರ ಕತ್ತರಿಸಿತು.

ಕಾಕಾ ಆ ಬ್ರಾಕೆಟ್ ಹಿಡಿದು ನನ್ನ ಮೇಜಿನ ಬಳಿ ಬಂದಾಗ ಮಾಲೀಕರು, ನಾವು ಶೇಠ್‌ಜಿ ಎನ್ನುವವರು, ಇಬ್ಬರು ಹೊಸ ಗಿರಾಕಿಗಳಿಗೆ ನನ್ನ ಡ್ರಾಯಿಂಗ್‌ಗಳನ್ನು ತೋರಿಸುತ್ತಿದ್ದರು. "ನಮ್ಮ ಇಂಜಿನಿಯರ್ ಮೇಡಂ" ಎಂದು ಆಗಷ್ಟೇ ಹೊಗಳಿದ್ದರು.

"ತಂಗಿ, ಈ ಒಳಮೂಲಿ ಭಾಳ ಚೂಪ ಬಂದೈತಿ. ಡ್ರಾಯಿಂಗ್ ಒಮ್ಮಿ ನೋಡ್ತಿಯೇನು?"

ನಾನು ನೋಡಲಿಲ್ಲ. ಕೈಗವಸು ಹಾಕಿದ ಒಬ್ಬ ವೆಲ್ಡರ್ ಗಿರಾಕಿಗಳ ಎದುರಿಗೆ ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಾನೆ ಎನ್ನಿಸಿತು — ಹುಡುಕುತ್ತಿದ್ದಾನೆ ಎಂದೇ, ಏಕವಚನದಲ್ಲೇ, ಮನಸ್ಸಿಗೆ ಬಂತು. "ಡ್ರಾಯಿಂಗ್ ಬರೋಬರ್ ಐತಿ ಕಾಕಾ. ನೀವು ಜಲ್ದಿ ವೆಲ್ಡ್ ಮಾಡ್ರಿ, ಗಾಡಿ ಬಿಡಬೇಕು" ಎಂದೆ.

ಅವರು ತಲೆಯಾಡಿಸಿ ಹೋದರು.

ಎರಡು ತಿಂಗಳೂ ಆಗಿರಲಿಲ್ಲ. ತುಂಬಿದ ಲಾರಿ ತಿರುವಿನಲ್ಲಿ ಮಗುಚಿತು. ಎಡಗಡೆಯ ಬ್ರಾಕೆಟ್ ಸೀಳಿತ್ತು. ಚಾಲಕ ಗಜಾನನನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಸುದ್ದಿ ಬಂದಾಗ ನಾನು ಬಾಗಿಲು ಹಾಕಿಕೊಂಡು ಫೈಲ್ ತೆರೆದೆ. ಎರಡು. ಎಷ್ಟು ಹೊತ್ತು ಆ ಅಂಕಿಯನ್ನು ನೋಡುತ್ತಾ ಕೂತಿದ್ದೆನೋ ತಿಳಿಯದು. ಆಮೇಲೆ ಅದರ ಮುಂದೆ ಒಂದು ಸೊನ್ನೆ ಹಾಕಿ, ಉಳಿಸಿ, ಹೊಸ ಪ್ರಿಂಟ್ ತೆಗೆದು, ಹಳೆಯದನ್ನು ಹರಿದೆ.

ಮುರಿದ ಬ್ರಾಕೆಟ್ ರಸ್ತೆಯಲ್ಲಿ ಜಜ್ಜಿ ಆಕಾರವೇ ಉಳಿದಿರಲಿಲ್ಲ. ಬಲಗಡೆಯದು ಲಾರಿಯ ಜೊತೆ ಎಲ್ಲೋ ಹೋಯಿತು, ನಮ್ಮವರು ಯಾರೂ ನೋಡಲಿಲ್ಲ. ಕಣ್ಣಿಗೆ ಕಾಣುವಂತಿದ್ದದ್ದು ಒಂದೇ — ಸೀಳು ವೆಲ್ಡಿಂಗ್ ದಾಟಿ ಹೋಗಿತ್ತು, ತಪ್ಪು ವೆಲ್ಡರನದೇ ಎನ್ನುವಂತೆ. ಶೇಠ್‌ಜಿ ನಮ್ಮನ್ನು ಕರೆದರು. ಮೇಸ್ತ್ರಿಯೂ ಲಾರಿಯ ಮಾಲೀಕನೂ ಅಲ್ಲಿದ್ದರು. "ಬೋಲೋ ಮಲ್ಲಪ್ಪಾ, ಯೇ ಕೈಸೇ ಟೂಟಾ?" ಇದು ಹೇಗೆ ಮುರಿಯಿತು ಎಂದು ಕೇಳಿದರು.

ಕಾಕಾ ತಮ್ಮ ಒರಟು ಹಿಂದಿಯಲ್ಲಿ, "ಮೂಲೆ ಚೂಪಾಗಿತ್ತು, ನಾನು ಮೇಡಂ ಅವರನ್ನು ಕೇಳಿದ್ದೆ, ಸರಿ ಇದೆ ಅಂದರು" ಎಂದರು. ನಾನು ಹೊಸ ಪ್ರಿಂಟನ್ನು ಮೇಜಿನ ಮೇಲೆ ಇಟ್ಟೆ. ಶೇಠ್‌ಜಿ ಇಪ್ಪತ್ತರ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ಅಂದು ಗಿರಾಕಿಗಳ ಜೊತೆ ಅವರೂ ಅಲ್ಲೇ ಇದ್ದರು. ಆದರೆ ನಾವಿಬ್ಬರು ಮಾತಾಡಿದ್ದು ಕನ್ನಡದಲ್ಲಿ. ಆ ಮಾತಿಗೆ ಲೋಕದಲ್ಲಿ ನಾನೊಬ್ಬಳೇ ಸಾಕ್ಷಿ.

"ಇಲ್ಲ. ಕಾಕಾ ನನ್ನನ್ನು ಏನೂ ಕೇಳಿಲ್ಲ" ಎಂದೆ, ಹಿಂದಿಯಲ್ಲಿ.

ಕಾಕಾ ಸಿಟ್ಟಾಗುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಒಳ್ಳೆಯದಿತ್ತು. ಅವರು ನನ್ನನ್ನೇ ನೋಡಿದರು. ಅವರ ಮುಖದಲ್ಲಿದ್ದದ್ದು ಸಂಶಯ, ನನ್ನ ಮೇಲಲ್ಲ, ತಮ್ಮ ಮೇಲೆಯೇ. ಕೊನೆಗೆ ನನಗೊಬ್ಬಳಿಗೇ ತಿಳಿಯುವಂತೆ ಹೇಳಿದರು: "ಕೇಳೀನಿ ಅಂತ ನನಗ ನೆನಪೈತಿ. ಆದ್ರ ನೀ ಸುಳ್ಳ ಯಾಕ ಹೇಳ್ತಿ ತಂಗಿ. ನನ್ನ ನೆನಪನ ತಪ್ಪಿರಬೇಕು."

ನೀ ಸುಳ್ಳ ಯಾಕ ಹೇಳ್ತಿ. ಅದು ಚುಚ್ಚುಮಾತಲ್ಲ. ನಿಜವಾಗಿಯೇ ಹಾಗೆ ನಂಬಿದ್ದರು.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಅವರು ಮತ್ತೆಲ್ಲೂ ವೆಲ್ಡಿಂಗ್ ಮಾಡಲಿಲ್ಲ. ತಮ್ಮ ಕೈಯಿಂದ ಒಬ್ಬನ ಕಾಲು ಹೋಯಿತು ಎಂದು ಆಸ್ಪತ್ರೆಗೆ ಹೋಗಿ ಗಜಾನನನ ಮುಂದೆ ಕೈಮುಗಿದು ನಿಂತರಂತೆ. ಒಂದು ಗೋದಾಮಿನ ಕಾವಲಿಗೆ ಸೇರಿದರು. ನಾನು? ನಾನು ಅಲ್ಲೇ ಇದ್ದೆ. ಡಿಸೈನ್ ವಿಭಾಗಕ್ಕೆ ಮುಖ್ಯಸ್ಥೆಯಾದೆ. ದಾರಿಯಲ್ಲಿ ಆ ಗೋದಾಮಿನ ಗೇಟು ಬಂದರೆ ಸ್ಕೂಟರಿನ ವೇಗ ಹೆಚ್ಚಿಸುತ್ತಿದ್ದೆ.

ಕಳೆದ ತಿಂಗಳು ಊರೊಳಗಿನ ಸದರ್ ಬಡಾವಣೆಯಲ್ಲಿ, ನಮ್ಮ ಕನ್ನಡದವರೊಬ್ಬರ ಮನೆಯ ಸೀಮಂತದಲ್ಲಿ, ಕಾಕಾನ ಹೆಂಡತಿ ನೀಲವ್ವ ಸಿಕ್ಕರು. ನಾನು ತಪ್ಪಿಸಿಕೊಳ್ಳುವ ಮೊದಲೇ ಪಕ್ಕದಲ್ಲಿ ಬಂದು ಕೂತರು. ಏನೂ ತಿಳಿಯದೆ, ಮನೆಯವಳೊಬ್ಬಳಿಗೆ ಹೇಳಿದಂತೆ ಹೇಳಿದರು: "ಅವ್ರಿಗೆ ತಮ್ಮ ಮ್ಯಾಲ ಭರೋಸಾನ ಇಲ್ಲವ್ವಾ. ಗ್ಯಾಸ್ ಬಂದ್ ಮಾಡೀನೇನು ನೋಡು ಅಂತಾರ. ಊಟ ಮಾಡಿ ಕೈ ತೊಳಕೊಂಡ ಮ್ಯಾಲ, ನಾ ಉಂಡೀನೇನು ಅಂತ ಕೇಳ್ತಾರ. ಡಾಕ್ಟರ್ ನೋಡಿ ಎಲ್ಲಾ ಬರೋಬರ್ ಐತಿ ಅಂತಾನ. ಆ ಲಾರಿ ಬಿದ್ದಾಗಿನಿಂದ ಹಿಂಗ."

ಒಬ್ಬ ಮನುಷ್ಯನ ಕೆಲಸ ಕಸಿದೆ ಎಂದಷ್ಟೇ ತಿಳಿದಿದ್ದೆ. ಅವರ ತಲೆಯೊಳಗಿನ ನೆಲವನ್ನೇ ಕಸಿದಿದ್ದೆ.

ಮರುದಿನ ಅವರ ಮನೆಗೆ ಹೋದೆ. ಹಗಲು, ಹನ್ನೊಂದು ಗಂಟೆ. ಕಾಕಾ ಮಂಚದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. "ಬಾ ತಂಗಿ" ಎಂದು ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ಎರಡು, ಇಪ್ಪತ್ತು, ಹರಿದ ಪ್ರಿಂಟ್. ಅವರ ಕೈ ಶೇಂಗಾದ ಬುಟ್ಟಿಯಲ್ಲೇ ನಿಂತಿತ್ತು.

"ಹಂಗಂದ್ರ ನಾ ಕೇಳಿದ್ದೆ?"

"ಕೇಳಿದ್ರಿ ಕಾಕಾ."

"ವೆಲ್ಡ್ ಮಾಡ್ರಿ ಅಂತ ನೀ ಅಂದಿ?"

"ಅಂದೆ."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಅವರ ಕಣ್ಣು ನನ್ನ ಮೇಲಿತ್ತು, ಆದರೆ ತಂಗಿ ಎಂದು ಕರೆದ ಆ ನೋಟ ಅಲ್ಲಿರಲಿಲ್ಲ. ಒಳಗಿನಿಂದ ನೀಲವ್ವನ ಅಳು ಕೇಳಿಸಿತು. ಅವರು ಅತ್ತ ತಿರುಗಲಿಲ್ಲ.

"ಬಾಯಿಲೆ ಹೇಳಿದ್ದು ಬ್ಯಾಡ" ಎಂದರು. "ನಾಳಿ ಮುಂಜಾನಿ ಎದ್ದು, ಇದು ಖರೇ ಆತೋ, ಕನಸೋ ಅಂತ ನನಗ ಗೊತ್ತಾಗಂಗಿಲ್ಲ. ಬರದು ಕೊಡು. ನಿನ್ನ ಹೆಸರು ಹಾಕಿ ಬರಿ. ಆ ಗಜಾನನಗೂ ಒಂದು ಬರದು ಕೊಡು. ಅವ ಇನ್ನೂ ನನ್ನನ್ನ ಬೈತಿರಬೇಕು."

ಶೇಠ್‌ಜಿಗೆ ಹೇಳಿದೆ. ಹಳೆಯದನ್ನು ಕೆದಕಬೇಡ, ವರ್ಕ್‌ಶಾಪಿನ ಹೆಸರು ಹಾಳಾಗುತ್ತದೆ, ಕಾಗದದ ಮೇಲೆ ಒಂದಕ್ಷರವೂ ಬೇಡ ಎಂದರು. ಒಂಬತ್ತು ವರ್ಷ ನಾನು ನನಗೆ ಹೇಳಿಕೊಂಡದ್ದನ್ನೇ ಅವರ ಬಾಯಿಂದ ಕೇಳಿದಂತಾಯಿತು. ರಾಜೀನಾಮೆ ಕೊಟ್ಟು ಬಂದೆ. ಅದು ದೊಡ್ಡತನವಲ್ಲ, ಆ ಕುರ್ಚಿ ನನ್ನದಾಗಿರಲೇ ಇಲ್ಲ.

ಇದು ಕಾಕಾ ಕೇಳಿದ ಕಾಗದ; ಕೆಳಗೆ ನನ್ನ ಹೆಸರು ಹಾಕಿ ಅವರ ಕೈಗೆ ಕೊಡುತ್ತೇನೆ. ಗಜಾನನನಿಗೆ ಮರಾಠಿಯಲ್ಲಿ ಬೇರೆ ಬರೆದಿದ್ದೇನೆ. ಅವನ ಮನೆ ಎಲ್ಲಿ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಅವನು ಬಾಗಿಲಿಗೆ ಬರಲು ಊರುಗೋಲು ಹಿಡಿದು ಏಳಬೇಕು. ಅಷ್ಟು ಹೊತ್ತೂ ನಾನು ಹೊರಗೆ ಕಾಯಬೇಕು. ಕಾಯುತ್ತೇನೆ. ನಾಳೆ ಹೋಗುತ್ತೇನೆ.