ಧೂಪದ ಗಿಡಕ್ಕೆ ತಪ್ಪು ಬಂದದ್ದು

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನೆಟ್ಟಿದ್ದ ನಲವತ್ತು ಧೂಪದ ಗಿಡಗಳ ವಿಷಯ ಇದು. ಒಂದೂ ಉಳಿಯಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಏನೋ ಒಳ್ಳೆಯದಾಗುತ್ತದೆ ಎಂದು ಯಾರೂ ಕಾಯುವುದು ಬೇಡ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿತ್ತಷ್ಟೇ. ನಾನು ರಸ್ತೆ ಕೆಲಸದ ಒಂದು ಸಣ್ಣ ಆಫೀಸಿನಲ್ಲಿ ರೈಟರ್. ಹಾಜರಿ ಬರೆಯುವುದು, ಸಾಹೇಬರು ಹೇಳಿದ್ದನ್ನು ಬರೆದುಕೊಳ್ಳುವುದು, ಸಂಜೆ ಮನೆಗೆ ಹೋಗುವುದು, ಇಷ್ಟೇ ಉದ್ಯೋಗ. ಬರೆಯಲಿಕ್ಕೆ ನನಗೆ ಚೆನ್ನಾಗಿ ಬರುತ್ತಿತ್ತು. ಬಾಯಿ ತೆರೆಯಲಿಕ್ಕೆ ಬರುತ್ತಿರಲಿಲ್ಲ.

ಗಿಡ ನೋಡಿಕೊಳ್ಳಲು ಒಬ್ಬ ಕೂಲಿಯನ್ನು ಇಟ್ಟಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಆದರೂ ಆಫೀಸಿನವರೆಲ್ಲ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆವು, ಈಗ ಅದನ್ನು ತಿದ್ದಿ ಬರೆದರೆ ಸುಳ್ಳಾಗುತ್ತದೆ. ಏಳು ವರ್ಷದಿಂದ ಹಂಗಾಮಿ. ಮಳೆ ಹಿಡಿದ ಕೂಡಲೇ ಹಂಗಾಮಿ ಕೂಲಿಗಳನ್ನು ಮನೆಗೆ ಕಳಿಸುವುದು ಪದ್ಧತಿ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅವನ ಮನೆಯಲ್ಲಿ ತಗತೆ ಸೊಪ್ಪು, ಕೆಸುವಿನ ಎಲೆ ಬಿಟ್ಟರೆ ಬೇರೆ ಏನೂ ಬೇಯುತ್ತಿರಲಿಲ್ಲ. ಹಿಂದಿನ ಸಾಹೇಬರು ವರ್ಗವಾಗಿ ಹೋಗುವ ಮೊದಲು ಅವನಿಗೆ ಒಂದು ಮಾತು ಹೇಳಿದ್ದರು. ಈ ಗಿಡಗಳು ಬೇಸಗೆ ದಾಟಿದರೆ ಅವನನ್ನು ಖಾಯಂ ಮಾಡಲು ಬರೆದಿಡುತ್ತೇನೆ ಅಂತ. ಬರೆದೂ ಇಟ್ಟಿದ್ದರು, ಆ ಕಾಗದ ನಾನೇ ಫೈಲಿಗೆ ಸೇರಿಸಿದ್ದು.

ಗಿಡಗಳು ಬಂದದ್ದೇ ಅರೆಜೀವವಾಗಿ. ಲಾರಿಯಲ್ಲಿ ಒಂದರ ಮೇಲೊಂದು ಹೇರಿ ತಂದಿದ್ದರು, ಬೇರಿನ ಮಣ್ಣೆಲ್ಲ ಉದುರಿಹೋಗಿತ್ತು. ನೆಟ್ಟ ಜಾಗವೋ, ಒಂದು ಗೇಣು ಅಗೆದರೆ ಮುರಕಲ್ಲು. ಮಳೆ ಇರುವಷ್ಟು ದಿನ ಹೇಗೋ ನಿಂತವು. ದೀಪಾವಳಿಗೆ ಎಲೆಯ ಅಂಚು ಕರಟಿತು, ಆಮೇಲೆ ಒಂದೊಂದೇ ಎಲೆ ಬಿದ್ದು ಜನವರಿಗೆ ನಲವತ್ತೂ ಬರೀ ಕೋಲು.

"ಕಿತ್ತು ಒಲೆಗೆ ಹಾಕು ಮಾರಾಯ, ಸುಮ್ಮನೆ ಯಾಕೆ ನೀರು ಹೊರುತ್ತೀ" ಎಂದೆ ನಾನು. ನನಗೆ ಆ ಬಿಸಿಲಿನಲ್ಲಿ ಅಲ್ಲಿವರೆಗೆ ನಡೆದು ಬಂದದ್ದಕ್ಕೇ ಸಿಟ್ಟು. ಅವನು ಕುಕ್ಕರಗಾಲಲ್ಲಿ ಕೂತು ಒಂದು ಗಿಡದ ಸಿಪ್ಪೆಯನ್ನು ಉಗುರಿನಲ್ಲಿ ಕೆರೆದು ತೋರಿಸಿದ. ಒಳಗೆ ಎಳೆ ಹಸಿರು. "ಸತ್ತದ್ದಲ್ಲ ರೈಟ್ರೇ, ಮಲಗಿದ್ದು" ಎಂದ, ತುಳುವಿನಲ್ಲಿ. ಹೀಗೆ ನಲವತ್ತನ್ನೂ ಕೆರೆದು ನೋಡಿದ. ಹದಿನೇಳರಲ್ಲಿ ಹಸಿರು ಸಿಕ್ಕಿತು.

ಆ ಹದಿನೇಳಕ್ಕೆ ಅವನು ಮಾಡಿದ ಚಾಕರಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಣಗಿದ ತುದಿಯನ್ನು ಹಸಿರು ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ಸೆಗಣಿ ಮೆತ್ತಿದ. ಬುಡದ ಸುತ್ತ ಕಟ್ಟೆ ಕಟ್ಟಿ ತರಗೆಲೆ ತುಂಬಿದ. ಪಡುವಣ ಬಿಸಿಲು ತಾಗದ ಹಾಗೆ ತೆಂಗಿನ ಮಡಲು ನೆಟ್ಟು ಮರೆ ಮಾಡಿದ. ಬಾಯಿ ಒಡೆದ ಮಡಕೆಗಳನ್ನು ಬೇಡಿ ತಂದು, ತಳದಲ್ಲಿ ತೂತು ಕೊರೆದು, ಬಟ್ಟೆಯ ಬತ್ತಿ ಇಳಿಸಿ ಬೇರಿನ ಪಕ್ಕ ಹೂಳಿದ. ನೀರು ಫಲ್ಗುಣಿ ಹೊಳೆಯಿಂದ. ಬೆಳಿಗ್ಗೆ ಎಷ್ಟು ಸಲ ಹೊರುತ್ತಾನೋ ಸಂಜೆ ಅಷ್ಟೇ ಸಲ. ಗೊಬ್ಬರ ಹಾಕು ಎಂದು ನಾನು ದೊಡ್ಡ ತಿಳಿದವನ ಹಾಗೆ ಹೇಳಿದರೆ, "ಜ್ವರದವನಿಗೆ ಕೋಳಿ ಸಾರು ಕೊಡ್ತಾರಾ" ಎಂದು ನಕ್ಕ.

ಫೆಬ್ರವರಿ ಕೊನೆಗೆ ಒಂದು ದಿನ ಆಫೀಸಿನ ಬಾಗಿಲಲ್ಲಿ ನಿಂತು ನನ್ನನ್ನು ಕರೆದ. ಹೋಗಿ ನೋಡಿದೆ. ಹದಿನೇಳರಲ್ಲಿ ಹದಿನಾಲ್ಕು ಎಲೆ ಬಿಟ್ಟಿದ್ದವು. ಧೂಪದ ಎಳೆ ಎಲೆ ಹಸಿರಾಗಿರುವುದಿಲ್ಲ. ತಾಮ್ರದ ಬಣ್ಣ, ಮೆತ್ತಗೆ ಕೆಳಕ್ಕೆ ಜೋತುಬಿದ್ದಿರುತ್ತದೆ. ತಿಳಿಯದವರಿಗೆ ಬಾಡಿದ ಹಾಗೆಯೇ ಕಾಣುತ್ತದೆ. ಅವನ ಸಂತೋಷ ನೋಡಿ ನನಗೆ ನಿಜವಾಗಿ ಹೊಟ್ಟೆ ತುಂಬಿತು. "ಇನ್ನು ಒಂದು ದಿನವೂ ನೀರು ತಪ್ಪಬಾರದು" ಎಂದ. "ಒಳಗಿದ್ದದ್ದನ್ನೆಲ್ಲ ಎಲೆಗೆ ಹಾಕಿಯಾಯಿತು, ಇನ್ನು ಅವುಗಳ ಕೈಯಲ್ಲಿ ಏನೂ ಇಲ್ಲ."

ಮಾರ್ಚಿನಲ್ಲಿ ಹೊಸ ಸಾಹೇಬರು ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು. ಕೆಟ್ಟವರಲ್ಲ, ತುಳು ಗೊತ್ತಿಲ್ಲದವರು, ಧೂಪದ ಗಿಡ ಕಾಣದವರು. ಮೊದಲು ಸಿಕ್ಕಿದ್ದು ಸತ್ತ ಕೋಲುಗಳ ಸಾಲು. ಆಮೇಲೆ ಮಡಲಿನ ಮರೆಯಲ್ಲಿ ಕೆಂಪಗೆ ಜೋತ ಎಲೆಗಳು. ಅವರ ಮುಖ ಗಂಟಿಕ್ಕಿತು.

"ಏನಯ್ಯಾ, ಏನು ಮಾಡಿದ್ದೀಯ ಗಿಡಕ್ಕೆ?"

ಸಾಹೇಬರ ಹತ್ತಿರ ತುಳು ಮಾತಾಡಬಾರದು ಎಂದು ಅವನು ಕನ್ನಡಕ್ಕೆ ಕೈ ಹಾಕಿದ. ಅಲ್ಲೇ ಹಾಳಾದದ್ದು. ನಮ್ಮ ತುಳುವಿನಲ್ಲಿ ಸೊಪ್ಪಿಗೆ ತಪ್ಪು ಅನ್ನುತ್ತೇವೆ. ಅವನಿಗೆ ಅದು ಕನ್ನಡದಲ್ಲೂ ಹಾಗೆಯೇ ಇರಬೇಕು ಅಂತ ಲೆಕ್ಕ.

"ತಪ್ಪು ಬಂದುಂಟು ಸ್ವಾಮಿ" ಎಂದ, ಎದೆ ಮುಂದೆ ಮಾಡಿ. "ಎಲ್ಲ ನಾನೇ ಮಾಡಿದ್ದು. ಇನ್ನೂ ತಪ್ಪು ಬರ್ತದೆ."

ನನಗೆ ನಗು ಬಂತು. ಇವತ್ತಿಗೂ ಆ ನಗುವಿಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಕೂಲಿಯ ಉದ್ಧಟತನಕ್ಕೆ ರೈಟರೂ ನಗುತ್ತಿದ್ದಾನೆ ಎಂದುಕೊಂಡ ಸಾಹೇಬರು ಕೆಂಪಾದರು. "ಬರ್ಕೊಳ್ರೀ. ಗಿಡಗಳು ಒಣಗಿವೆ. ಕೂಲಿ ತಪ್ಪು ಒಪ್ಪಿಕೊಂಡಿದ್ದಾನೆ" ಎಂದರು. ನಾನು ಬರೆದುಕೊಂಡೆ. ಬರೆದಾದ ಮೇಲೆ, "ಸ್ವಾಮಿ, ತುಳುವಿನಲ್ಲಿ ತಪ್ಪು ಅಂದರೆ..." ಎಂದು ಶುರು ಮಾಡಿದೆ. "ನನಗೇನು ಕಣ್ಣಿಲ್ವೇನ್ರೀ?" ಎಂದು ಜೀಪು ಹತ್ತಿದರು. ಗಟ್ಟಿಯಾಗಿ ಹೇಳಬಹುದಿತ್ತು. ಹೆದರಿದೆ, ಅಷ್ಟೇ.

ವಾರದೊಳಗೆ ಅವನನ್ನು ಕೆಲಸದಿಂದ ಬಿಡಿಸಿದ ಆರ್ಡರು ಬಂತು. ಓದಿ ಹೇಳಬೇಕಾದವನು ನಾನೇ. ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. "ಹಾಗಾದರೆ ನಾನು ಏನು ಹೇಳಬೇಕಿತ್ತು ರೈಟ್ರೇ?" ಎಂದು ಕೇಳಿದ.

"ಚಿಗುರು ಬಂದಿದೆ ಸ್ವಾಮಿ, ಅನ್ನಬೇಕಿತ್ತು."

ಅವನು ಅದನ್ನು ನಾಲ್ಕೈದು ಸಲ ಹೇಳಿಕೊಂಡ. ಸಾಹೇಬರು ಮತ್ತೆ ಬಂದೇ ಬರುತ್ತಾರೆ, ಸರಿಯಾಗಿ ಹೇಳಿದರೆ ಸರಿಯಾಗುತ್ತದೆ ಅಂತ ಅವನ ನಂಬಿಕೆ. ಹೊಟ್ಟೆಪಾಡಿಗೆ ಬಂಟ್ವಾಳದ ಕಡೆ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋಗುವ ಮೊದಲು, ನೀರಿನ ಕೊಡವನ್ನು ನನ್ನ ಮೇಜಿನ ಪಕ್ಕ ಇಟ್ಟು, "ನೀರು ಮಾತ್ರ ಬಿಡಬೇಡಿ" ಎಂದ. ನೋಡಿಕೊಳ್ಳುತ್ತೇನೆ ಎಂದೆ.

ರಸ್ತೆಯ ಕೂಲಿಗಳಿಗೆ ಹೇಳಿದೆ. ಎರಡು ದಿನ ಹಾಕಿದರು, ಮೂರನೆಯ ದಿನ ಮರೆತರು. ನಾನೇ ಒಂದು ಸಂಜೆ ಹೊಳೆಗಿಳಿದು ಆರು ಕೊಡ ಹೊತ್ತೆ. ಸೊಂಟ ಹಿಡಿಯಿತು. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಏಪ್ರಿಲಿನಲ್ಲಿ ಎಲೆ ಮುರುಟಿ ಉದುರಿತು. ಒಮ್ಮೆ ಸಿಪ್ಪೆ ಕೆರೆದು ನೋಡಿದೆ, ಒಳಗೂ ಕಂದು.

ಮೇ ಕೊನೆಗೆ ಸಾಹೇಬರು ಮೋರಿ ನೋಡಲು ಅದೇ ರಸ್ತೆಯಲ್ಲಿ ಬಂದರು. ಯಾರು ಸುದ್ದಿ ಮುಟ್ಟಿಸಿದರೋ, ಅವನು ಕಾರ್ಖಾನೆಯ ಕೆಲಸ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದು ಗಿಡಗಳ ಹತ್ತಿರ ನಿಂತಿದ್ದ. ನಾನು ಜೀಪಿನ ಹಿಂದೆ ಪುಸ್ತಕ ಹಿಡಿದುಕೊಂಡಿದ್ದೆ. ಅವನ ಬೆನ್ನ ಹಿಂದಿನ ಕೋಲುಗಳನ್ನು ಅವನು ಆಗಲೇ ನೋಡಿಯಾಗಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಕೈಮುಗಿದು, ಒಂದಕ್ಷರ ತಪ್ಪದೆ, ನಿಧಾನಕ್ಕೆ ಹೇಳಿದ.

"ಚಿಗುರು ಬಂದಿದೆ ಸ್ವಾಮಿ."

ಸಾಹೇಬರು ಒಣಗಿದ ಗಿಡಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಎಲ್ಲಿದೆ?" ಎಂದು ಕೇಳಿದರು.

ಅವನು ನನ್ನ ಮುಖ ನೋಡಿದ. ನಾನು ಅವನಿಗೆ ಅಷ್ಟೇ ಕನ್ನಡ ಕಲಿಸಿದ್ದು.